ಮೂಟೆ ಕಟ್ಟುವ ಪ್ರೋಟೀನುಗಳು

ಬಳ್ಳಾರಿ ಸೀಮೆಯಲ್ಲಿ ಹತ್ತಿಯ ಸುಗ್ಗಿಯನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಇಟ್ಟಿಗಿ, ಹಡಗಲಿಗಳ ಕಡೆ ಬಂಡಿಯನ್ನೆಲ್ಲ ತುಂಬಿ ಆಚೀಚೆ ಚೆಲ್ಲುವ ಬಿಡಿ ಹತ್ತಿಯೇ ಜಿನ್ನಿನಲ್ಲಿ ಬೀಜ ಕಳೆದುಕೊಂಡು, ಪ್ರೆಸ್ಸಿನಲ್ಲಿ ಒತ್ತಿಸಿಕೊಂಡರೆ ಮೂಲೆಯಲ್ಲಿಡುವಂಥ ಬೇಲಾಗುತ್ತದೆ. ಗಂಡಸಿನ ಶರೀರದಲ್ಲಿಯೂ ಇಂಥದೊಂದು ಒತ್ತುವ ಕೆಲಸ ಹಗಲಿರುಳು ನಡೆದಿದೆ.

ತಂದೆಯಿಂದ ಮಗುವಿಗೆ ಸಲ್ಲುವ ಡಿ.ಎನ್.ಎ. ಎಳೆಗಳನ್ನು ಬಿಡಿಸಿ ಸಾಲಾಗಿ ಹಿಡಿದರೆ ಅವು ಮೂರಡಿಗೂ ಮಿಕ್ಕುತ್ತವೆ. ಅವನ್ನು ಹೊರಬೇಕಾದ ವೀರ್ಯಾಣುವಿನ ತಲೆಯಾದರೋ ಮಿಲಿಮೀಟರಿನ 200ರಲ್ಲಿ ಒಂದು ಪಾಲು! ಇತರ ಜೀವಕೋಶಗಳಲ್ಲಿ ಈ ಎಳೆ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ವೀರ್ಯಾಣುವಿಗೆ ಆ ಬಿಗಿ ಸಾಲದು. ಆದುದರಿಂದ ಅದು ರೂಪುಗೊಳ್ಳುವ ಸುಮಾರು 70 ದಿನಗಳ ಕೊನೆಯ ಘಟ್ಟದಲ್ಲಿ ಬಹುಪಾಲು ಹಿಸ್ಟೋನುಗಳು ತೆರಳಿ, ಪ್ರೋಟಮೀನ್ ಎಂಬ ಪುಟ್ಟ ಪ್ರೋಟೀನುಗಳು ಎಳೆಯನ್ನು ಬಿಗಿದು ಕಟ್ಟುತ್ತವೆ. ಬಾಲವನ್ನು ಬಡಿಯುವ ಡೈನೀನ್ ಮೊದಲಾದುವುಗಳ ಕಥೆ ಬೇರೆಯೇ ಉಂಟು.

ಪ್ರೋಟಮೀನನ್ನು 1874ರಲ್ಲಿ ಮೊದಲು ಬೇರ್ಪಡಿಸಿದವನು ಸ್ವಿಟ್ಜರ್ಲೆಂಡಿನ ಮೀಷರ್, ರೈನ್ ನದಿಯ ಸಾಲ್ಮನ್ ಮೀನಿನಿಂದ. ಸಕ್ಕರೆ ರೋಗದವರು ಚುಚ್ಚಿಸಿಕೊಳ್ಳುವ, ಹಾಲಿನಂತೆ ಕದಡಿದ ಒಂದು ಬಗೆಯ ಇನ್ಸುಲಿನ್ನಿನಲ್ಲಿ ಬೆರೆತಿರುವುದೂ ಇದೇ!

ಹಿಸ್ಟೋನು ಹೋಗಿ ಪ್ರೋಟಮೀನು ಬರುವ ನಡುವೆ, ಸ್ವಲ್ಪ ಕಾಲ ಮಾತ್ರ ಇದ್ದು ಮರೆಯಾಗುವ ಮಧ್ಯಂತರ ಪ್ರೋಟೀನುಗಳುಂಟು. ಇಲಿಗಳಲ್ಲಿ ಇವುಗಳ ಬೆನ್ನು ಹತ್ತಿದವರು ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅನಂತರ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿಯೂ ದುಡಿದ ಅವರು, ಈ ಪ್ರೋಟೀನುಗಳಲ್ಲೊಂದು ಸತುವಿನ ನೆರವಿನಿಂದ ಎಳೆಯನ್ನು ಹಿಡಿಯುವ ಬಗೆಯನ್ನು ತಮ್ಮ ಶಿಷ್ಯರೊಡನೆ ತೋರಿಸಿಕೊಟ್ಟರು. 2010ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಮೂಟೆ ಸಡಿಲವಾದರೇನು? ಪ್ರೋಟಮೀನಿಲ್ಲದಂತೆ ಮಾಡಿದ ಗಂಡಿಲಿಗಳಿಗೆ ಮರಿಯಾಗುವುದಿಲ್ಲ. ಮನುಷ್ಯನಲ್ಲಿ ಎರಡು ಬಗೆಯ ಪ್ರೋಟಮೀನುಗಳು ಹೆಚ್ಚುಕಡಿಮೆ ಸಮಪಾಲಿನಲ್ಲಿರುತ್ತವೆ. ಆ ಪ್ರಮಾಣ ಕೆಟ್ಟಲ್ಲಿ ಸಂತಾನ ಕಷ್ಟವಾಗುವುದುಂಟು. ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಒಳಗಿನ ಕಟ್ಟು ಸರಿಯೆಂದಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಆದರೆ ಪರೀಕ್ಷೆಯ ಮಾತೆತ್ತುವವರು ಯಾರು? ಮದುವೆಯಾಗಿ ನಾಲ್ಕು ವರ್ಷವಾದರೂ ತೊಟ್ಟಿಲು ಕಟ್ಟದಿದ್ದರೆ ಹರಕೆ, ಉಪವಾಸ, ಕಷಾಯಗಳೆಲ್ಲ ಸೊಸೆಯ ಪಾಲಿಗೆ. ಮಗನನ್ನೂ ವೈದ್ಯರಲ್ಲಿಗೆ ಕಳುಹಿಸೋಣವೆಂದರೆ ಅತ್ತೆಯವರ ಹುಬ್ಬು ಗಂಟಿಕ್ಕುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಕೊರತೆಯೂ ಸೇರಿರುತ್ತದೆ. ‘ಬಂಜೆ’ ಎಂಬ ಪದಕ್ಕೆ ಸಲ್ಲುವ ಪುಲ್ಲಿಂಗ ರೂಪವನ್ನು ಕನ್ನಡವು ಬಳಕೆಗೆ ತಂದುಕೊಳ್ಳಲೇ ಇಲ್ಲ!

ಬೀಡಿ, ಸಿಗರೇಟುಗಳು ವೀರ್ಯಾಣುವಿನ ಡಿ.ಎನ್.ಎ.ಗೆ ಕೇಡು. ಇಂದು ಬಿಟ್ಟ ಗಂಡಸು ನಾಳೆಯೇ ಫಲ ಬಯಸಲಾಗದು. ಹೊಸ ಮೂಟೆ ಕಟ್ಟಿ ಹೊರಬೀಳಲು ಮೂರು ತಿಂಗಳಾದರೂ ಹಿಡಿಯುತ್ತದೆ.