‘ಇನ್ನೆಷ್ಟು ವರ್ಷ ಡಾಕ್ಟ್ರೇ?’

ಮೂತ್ರ ಕೆಂಪಗೆ ಹೋಯಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಉಷ್ಣ ಆಗಿದೆ’ ಎಂಬುದು. ಬಾರ್ಲಿ ನೀರು, ಎಳನೀರು, ಮಜ್ಜಿಗೆ ಒಂದರ ಹಿಂದೊಂದು ಬರುತ್ತವೆ. ಕಲ್ಲಿರಬೇಕೆಂದು ಬಾಳೆದಿಂಡಿನ ರಸ ಕುಡಿಸುವವರೂ ಉಂಟು. ಎರಡು ದಿನದಲ್ಲಿ ಮೂತ್ರ ತಿಳಿಯಾಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ರಕ್ತ ತಾನಾಗಿ ಬಂದು ತಾನಾಗಿ ನಿಲ್ಲುವುದು ಮೂತ್ರದ ದಾರಿಯಲ್ಲಿನ ಗಂಟುಗಳ ಸ್ವಭಾವ. ಮುಂದಿನ ಸಲ ರಕ್ತ ಕಾಣಿಸಿಕೊಳ್ಳುವುದು ತಿಂಗಳುಗಳ ನಂತರ ಇರಬಹುದು. ಆ ತಿಂಗಳುಗಳ ಬೆಲೆಯೇನು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಮೂತ್ರಕೋಶದ ಕ್ಯಾನ್ಸರ್ ಬಗ್ಗೆ ನೀವು ಕೇಳಿರಬಹುದು. ಅದೇ ಜಾತಿಯ ಕ್ಯಾನ್ಸರ್ ಮೂತ್ರಕೋಶಕ್ಕಿಂತ ಮೇಲೆಯೂ ಹುಟ್ಟಬಲ್ಲದು. ಮೂತ್ರಪಿಂಡದೊಳಗೆ ಮೂತ್ರವೆಲ್ಲ ಬಂದು ಸೇರುವ ಲಾಳಿಕೆಯಂಥ ಒಂದು ಭಾಗವಿದೆ. ಅಲ್ಲಿಂದ ಮೂತ್ರಕೋಶಕ್ಕೆ ಇಳಿಯುವ ಸಣ್ಣ ಕೊಳವೆಯೇ ಮೂತ್ರನಾಳ. ಲಾಳಿಕೆ, ನಾಳ, ಕೋಶ ಈ ಮೂರಕ್ಕೂ ಒಳಗಿನ ಅಸ್ತರು ಒಂದೇ. ಆದ್ದರಿಂದ ಒಂದು ಕಡೆ ಬರುವ ಕ್ಯಾನ್ಸರ್ ಇನ್ನೊಂದು ಕಡೆಯೂ ಬರಬಹುದು.

ಎಷ್ಟು ಜನರಿಗೆ ಬರುತ್ತದೆ?

ಈ ಅಸ್ತರಿನ ಕ್ಯಾನ್ಸರುಗಳಲ್ಲಿ ಮೇಲಿನ ಭಾಗದವು ಶೇಕಡಾ 5ರಿಂದ 10 ಮಾತ್ರ. ಉಳಿದವೆಲ್ಲ ಮೂತ್ರಕೋಶದವು. ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಈ ರೋಗ ಬರುತ್ತದೆ. ಹೆಚ್ಚಾಗಿ ಎಪ್ಪತ್ತು ದಾಟಿದವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಎರಡು ಪಟ್ಟು. ಮೂತ್ರನಾಳಕ್ಕಿಂತ ಲಾಳಿಕೆಯಲ್ಲಿ ಹೆಚ್ಚು.

ಅಪರೂಪದ ರೋಗವಾದ್ದರಿಂದ ಅದು ಲೆಕ್ಕದಲ್ಲೂ ಕಳೆದುಹೋಗುತ್ತದೆ. ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಮೂತ್ರಪಿಂಡಕ್ಕೆ, ಲಾಳಿಕೆಗೆ, ಮೂತ್ರನಾಳಕ್ಕೆ ಬೇರೆ ಬೇರೆ ಸಂಖ್ಯೆಗಳಿವೆ. ಆದರೆ ಅಮೆರಿಕದ ವಾರ್ಷಿಕ ಲೆಕ್ಕಗಳಲ್ಲೇ ಮೂತ್ರಪಿಂಡವನ್ನೂ ಲಾಳಿಕೆಯನ್ನೂ ಒಟ್ಟಿಗೆ ಸೇರಿಸಿ ಹೇಳುವ ರೂಢಿಯಿದೆ. ಮೂತ್ರಪಿಂಡದ ಮಾಂಸಲ ಭಾಗದ ಕ್ಯಾನ್ಸರ್ ಬೇರೆ, ಲಾಳಿಕೆಯ ಅಸ್ತರಿನದು ಬೇರೆ. ಚಿಕಿತ್ಸೆ ಬೇರೆ, ಮುಂದಿನ ಗತಿಯೂ ಬೇರೆ. ಆದ್ದರಿಂದ ‘ಕಿಡ್ನಿ ಕ್ಯಾನ್ಸರ್’ ಎಂದಷ್ಟೇ ಕೇಳಿಕೊಂಡು ಬಂದವರು, ಅದು ಯಾವ ಭಾಗದ್ದು ಎಂದು ತಪ್ಪದೆ ವಿಚಾರಿಸಬೇಕು. ನೆಂಟರ ಪೈಕಿ ಯಾರಿಗೋ ಆದದ್ದನ್ನು ನೋಡಿ ನಿಮ್ಮ ಮನೆಯವರ ಭವಿಷ್ಯ ಊಹಿಸಲು ಹೋಗಬೇಡಿ.

ತಂಬಾಕು, ಮಾತ್ರೆ, ನಾರುಬೇರು

ಕಾರಣಗಳಲ್ಲಿ ಮೊದಲನೆಯದು ತಂಬಾಕು. ಬೀಡಿ ಸಿಗರೇಟಿನ ಹೊಗೆಯ ವಿಷಗಳು ಶ್ವಾಸಕೋಶದಿಂದ ರಕ್ತಕ್ಕಿಳಿದು, ಮೂತ್ರಪಿಂಡದಲ್ಲಿ ಸೋಸಿ, ಮೂತ್ರದೊಡನೆ ಈ ಅಸ್ತರನ್ನು ತೊಳೆಯುತ್ತಲೇ ಇರುತ್ತವೆ. ಬಣ್ಣದ ಕಾರ್ಖಾನೆಗಳ ಕೆಲವು ರಾಸಾಯನಿಕಗಳು ಇನ್ನೊಂದು ಕಾರಣ. ಫಿನಾಸಿಟಿನ್ ಎಂಬ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲೂ ಈ ಕ್ಯಾನ್ಸರ್ ಕಂಡಿತು. ಅಮೆರಿಕದಲ್ಲಿ 1983ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು.

ನಾಲ್ಕನೆಯ ಕಾರಣ ನಮ್ಮ ಓದುಗರು ಗಮನವಿಟ್ಟು ಕೇಳಬೇಕಾದದ್ದು. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸಿಕೊಳ್ಳಲು ಗಿಡಮೂಲಿಕೆಯ ಔಷಧ ಸೇವಿಸಿದ ಹೆಂಗಸರ ಮೂತ್ರಪಿಂಡಗಳು ಕೆಡುತ್ತಿರುವುದು 1990ರ ದಶಕದ ಆರಂಭದಲ್ಲಿ ಪತ್ತೆಯಾಯಿತು. ಔಷಧದಲ್ಲಿ ಇರಬೇಕಾಗಿದ್ದ ಒಂದು ಚೀನೀ ಬೇರಿನ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿಹೋಗಿತ್ತು. ಮೂತ್ರಪಿಂಡ ಪೂರ್ತಿ ಕೆಟ್ಟ ಕೆಲವರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಾಗ, ಉಳಿದವರಿಗೂ ಮುನ್ನೆಚ್ಚರಿಕೆಯಾಗಿ ಕೆಟ್ಟ ಮೂತ್ರಪಿಂಡ ಮತ್ತು ನಾಳಗಳನ್ನು ತೆಗೆಸಿಕೊಳ್ಳುವಂತೆ ವೈದ್ಯರು ಸಲಹೆಯಿತ್ತರು. ಒಪ್ಪಿದವರು 39 ಮಂದಿ. ತೆಗೆದ ಅಂಗಗಳನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಇತ್ತು. ಈ ವರದಿ ಪ್ರಕಟವಾದದ್ದು 2000ದಲ್ಲಿ. ಯಾರು ಆ ಬೇರನ್ನು ಹೆಚ್ಚು ಸೇವಿಸಿದ್ದರೋ ಅವರಲ್ಲಿ ಅಪಾಯವೂ ಹೆಚ್ಚಾಗಿತ್ತು.

ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಕೆಲವು ಹಳ್ಳಿಗಳಲ್ಲಿ ದಶಕಗಳ ಕಾಲ ಮನೆಮನೆಗೂ ಕಾಡಿದ ಮೂತ್ರಪಿಂಡದ ರೋಗಕ್ಕೂ, ಅದರ ಹಿಂದೆ ಬರುತ್ತಿದ್ದ ಇದೇ ಕ್ಯಾನ್ಸರಿಗೂ ಕಾರಣ ಇದೇ ಜಾತಿಯ ಕಳೆ. ಅದರ ಬೀಜ ಗೋಧಿಯೊಡನೆ ಬೆರೆತು ರೊಟ್ಟಿಯ ಹಿಟ್ಟಿಗೆ ಸೇರುತ್ತಿತ್ತು. ಈ ಕ್ಯಾನ್ಸರ್ ಬೇರೆಡೆಗಿಂತ ಬಹಳ ಹೆಚ್ಚಾಗಿರುವ ತೈವಾನಿನಲ್ಲಿ ಇಂಥ ಮೂಲಿಕೆಗಳನ್ನು 2003ರಲ್ಲಿ ನಿಷೇಧಿಸಿದರು.

ಇದೆಲ್ಲ ದೂರದ ಕಥೆಯೆಂದು ಪುಟ ತಿರುವಬೇಡಿ. ನಮ್ಮ ಬೇಲಿಗಳಲ್ಲಿ ಬೆಳೆಯುವ ಈಶ್ವರಿ ಬಳ್ಳಿ ಇದೇ ಅರಿಸ್ಟೊಲೋಕಿಯಾ ಕುಲದ್ದು. ಹಾವು ಚೇಳು ಕಡಿತಕ್ಕೆಂದು ಅದರ ಬೇರನ್ನು ತೇದು ಕೊಡುವ ಪದ್ಧತಿ ಹಳೆಯದು. ಅದರಲ್ಲೂ ಆ ವಿಷವಿದೆ. ‘ಗಿಡಮೂಲಿಕೆ ತಾನೆ, ಏನೂ ಆಗುವುದಿಲ್ಲ’ ಎಂಬ ಮಾತನ್ನು ಈ ಬಳ್ಳಿಯ ವಿಷಯದಲ್ಲಿ ಆಡಬಾರದು. ಹಾವು ಕಚ್ಚಿದರೆ ಆಸ್ಪತ್ರೆಯ ಚುಚ್ಚುಮದ್ದೇ ಗತಿ.

ಇನ್ನು ವಂಶದ ಮಾತು. ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಹಲವರಿಗೆ ಬಂದ ಮನೆತನಗಳಲ್ಲಿ ಲಿಂಚ್ ಸಿಂಡ್ರೋಮ್ ಎಂಬ ಅನುವಂಶಿಕ ದೋಷ ಇರಬಹುದು. ಅಂಥವರಲ್ಲಿ ಮೂತ್ರಮಾರ್ಗದ ಈ ಕ್ಯಾನ್ಸರ್ ಕೂಡ ಬರುತ್ತದೆ. ಅರವತ್ತಕ್ಕಿಂತ ಮುಂಚೆ ಈ ರೋಗ ಬಂದರೆ ಮನೆತನದ ಚರಿತ್ರೆಯನ್ನು ವೈದ್ಯರಿಗೆ ತಿಳಿಸಿ. ಅದು ನಿಮ್ಮ ಮಕ್ಕಳ ಹಿತಕ್ಕಾಗಿ.

ಬೇಗ ಸಿಗದ ರೋಗ

ಮೂತ್ರದಲ್ಲಿ ರಕ್ತವೇ ಮುಖ್ಯ ಲಕ್ಷಣ. ನೂರರಲ್ಲಿ ಎಪ್ಪತ್ತು ಎಂಬತ್ತು ರೋಗಿಗಳಲ್ಲಿ ಅದು ಕಾಣುತ್ತದೆ. ಪಕ್ಕೆಯಲ್ಲಿ ನೋವು ಬರುವುದು ಐವರಲ್ಲಿ ಒಬ್ಬರಿಗೆ. ನೋವಿಲ್ಲದ ರಕ್ತವೆಂದು ಜನ ಸುಮ್ಮನಿರುತ್ತಾರೆ. ವಾಸ್ತವವಾಗಿ ನೋವಿಲ್ಲದ ರಕ್ತಕ್ಕೇ ಹೆಚ್ಚು ಹೆದರಬೇಕು.

ಲಾಳಿಕೆ ಮತ್ತು ನಾಳದ ಗೋಡೆ ಬಹಳ ತೆಳು. ಗಂಟು ಅದನ್ನು ಬೇಗ ದಾಟುತ್ತದೆ. ಮೂತ್ರಕೋಶದ ಕ್ಯಾನ್ಸರ್ ಪತ್ತೆಯಾಗುವಾಗ ಸ್ನಾಯುವಿಗೆ ಇಳಿದಿರುವುದು ಶೇಕಡಾ 15ರಿಂದ 25 ಜನರಲ್ಲಿ. ಮೇಲಿನ ಭಾಗದ್ದಾದರೆ ಸುಮಾರು 60ರಲ್ಲಿ ಅದು ಆಗಲೇ ಗೋಡೆಯೊಳಗೆ ಬೇರುಬಿಟ್ಟಿರುತ್ತದೆ. ಸಾಮಾನ್ಯ ಅಲ್ಟ್ರಾಸೌಂಡ್‌ನಲ್ಲಿ ಸಣ್ಣ ಗಂಟು ತಪ್ಪಿಹೋಗಬಹುದು. ‘ಸ್ಕ್ಯಾನಿಂಗ್ ಮಾಡಿಸಿದೆವು, ಏನೂ ಇಲ್ಲ ಅಂದರು’ ಎಂಬಲ್ಲಿಗೆ ಮಾತು ಮುಗಿಯಬಾರದು. ಬಣ್ಣದ ದ್ರವ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್, ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡುವ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ನೀವೇ ಕೇಳಬೇಕು.

ಭವಿಷ್ಯ ಹೇಳುವ ಅಂಕಗಳು

ರೋಗ ಗೊತ್ತಾದ ಮೇಲೆ ಮನೆಯವರು ಮೆಲುದನಿಯಲ್ಲಿ ಕೇಳುವ ಪ್ರಶ್ನೆ ‘ಇನ್ನೆಷ್ಟು ವರ್ಷ ಡಾಕ್ಟ್ರೇ?’ ಎಂಬುದು. ಇದಕ್ಕೆ ಉತ್ತರಿಸಲು ವೈದ್ಯವಿಜ್ಞಾನ ಕೆಲವು ಸಾಧನಗಳನ್ನು ಮಾಡಿಕೊಂಡಿದೆ. ಸಾವಿರಾರು ರೋಗಿಗಳ ದಾಖಲೆ ಹಿಡಿದು, ಗಂಟು ಎಷ್ಟು ಆಳಕ್ಕೆ ಇಳಿದಿದೆ, ಜೀವಕೋಶಗಳು ಎಷ್ಟು ಉಗ್ರವಾಗಿವೆ, ದುಗ್ಧಗ್ರಂಥಿಗಳಿಗೆ ಹರಡಿದೆಯೇ, ಸೂಕ್ಷ್ಮ ರಕ್ತನಾಳಗಳಿಗೆ ನುಗ್ಗಿದೆಯೇ, ರೋಗಿಯ ವಯಸ್ಸೆಷ್ಟು, ಇವಕ್ಕೆಲ್ಲ ಅಂಕ ಕೊಡುತ್ತಾರೆ. ಅಂಕ ಕೂಡಿದರೆ ಮೂರು ವರ್ಷ, ಐದು ವರ್ಷ ಬದುಕುವ ಸಂಭವ ಶೇಕಡಾ ಇಷ್ಟೆಂದು ಬರುತ್ತದೆ.

ಇವುಗಳಲ್ಲಿ ಆಳದ ಅಂಕವೇ ದೊಡ್ಡದು. ಗಂಟು ಅಸ್ತರಿನ ಮೇಲ್ಪದರದಲ್ಲಿದ್ದಾಗಲೇ ಶಸ್ತ್ರಚಿಕಿತ್ಸೆಯಾದರೆ ಹತ್ತರಲ್ಲಿ ಒಂಬತ್ತು ಮಂದಿಯಾದರೂ ಐದು ವರ್ಷದೊಳಗೆ ಈ ರೋಗದಿಂದ ಸಾಯುವುದಿಲ್ಲ. ಗೋಡೆ ದಾಟಿ ಸುತ್ತಲಿನ ಕೊಬ್ಬಿಗೆ ಇಳಿದಿದ್ದರೆ ಅದು ಸುಮಾರು ಅರ್ಧಕ್ಕೆ ಬರುತ್ತದೆ. ಪಕ್ಕದ ಅಂಗಗಳನ್ನು ಹಿಡಿದಿದ್ದರೆ ಹತ್ತರಲ್ಲಿ ಒಬ್ಬರ ಆಸುಪಾಸು. ‘ಉಷ್ಣ’ ಎಂದು ಕಳೆದ ತಿಂಗಳುಗಳ ಬೆಲೆ ಇಲ್ಲಿದೆ.

ಈ ಅಂಕಪಟ್ಟಿಗಳನ್ನು ಎಷ್ಟು ನಂಬಬಹುದು? ಇಬ್ಬರು ರೋಗಿಗಳನ್ನು ಪಕ್ಕಪಕ್ಕ ಇಟ್ಟು ಯಾರು ಹೆಚ್ಚು ಕಾಲ ಬದುಕುತ್ತಾರೆಂದು ಕೇಳಿದರೆ, ನಾಣ್ಯ ಚಿಮ್ಮಿದರೂ ಹತ್ತರಲ್ಲಿ ಐದು ಸಲ ಸರಿಯಾಗುತ್ತದೆ. ಒಳ್ಳೆಯ ಅಂಕಪಟ್ಟಿ ಏಳೆಂಟು ಸಲ ಸರಿ ಹೇಳುತ್ತದೆ. ಅಂದರೆ ಉಪಯೋಗವಿದೆ, ಆದರೆ ಇದು ಜಾತಕವಲ್ಲ. ‘ಶೇಕಡಾ 50’ ಎಂದರೆ ನಿಮ್ಮ ತಂದೆಯವರು ಅರ್ಧ ಬದುಕುತ್ತಾರೆಂದಲ್ಲ. ಅವರಂಥ ನೂರು ಮಂದಿಯಲ್ಲಿ ಐವತ್ತು ಮಂದಿ ಐದು ವರ್ಷ ದಾಟಿದ್ದರೆಂದು. ಅವರು ಯಾವ ಐವತ್ತರಲ್ಲಿ ಸೇರುತ್ತಾರೆ ಎಂಬುದನ್ನು ಯಾವ ಪಟ್ಟಿಯೂ ಹೇಳಲಾರದು. ಇನ್ನೊಂದು ವಿಷಯ: ರೋಗ ಮರುಕಳಿಸದೆ ಎರಡು ವರ್ಷ ಕಳೆದವರ ಲೆಕ್ಕವೇ ಬೇರೆ. ಮೊದಲ ದಿನ ಹೇಳಿದ ಸಂಖ್ಯೆಗಿಂತ ಅವರ ಸಂಭವ ಉತ್ತಮವಾಗಿರುತ್ತದೆ. ಆದ್ದರಿಂದ ಹಳೆಯ ಸಂಖ್ಯೆಯನ್ನು ಗಂಟುಕಟ್ಟಿಕೊಂಡು ಕೂರಬೇಡಿ, ಮತ್ತೆ ಕೇಳಿ.

ಸಂಖ್ಯೆ ಯಾತಕ್ಕಾಗಿ?

ನನ್ನ ಅಭಿಪ್ರಾಯ ಇಷ್ಟು. ಭವಿಷ್ಯದ ಸಂಖ್ಯೆ ತೀರ್ಪು ಕೊಡುವುದಕ್ಕಲ್ಲ, ಮುಂದೇನು ಮಾಡಬೇಕೆಂದು ನಿರ್ಧರಿಸುವುದಕ್ಕೆ. ಬ್ರಸೆಲ್ಸಿನ ವೈದ್ಯರು ಮಾಡಿದ್ದೂ ಅದನ್ನೇ. ಅಪಾಯವನ್ನು ಅಂದಾಜು ಮಾಡಿ, ಆ ಅಂದಾಜಿನ ಮೇಲೆ ಕೈಗೆ ಕೆಲಸ ಕೊಟ್ಟರು.

ಈ ಕ್ಯಾನ್ಸರಿಗೆ ಸಾಮಾನ್ಯ ಚಿಕಿತ್ಸೆಯೆಂದರೆ ಆ ಕಡೆಯ ಮೂತ್ರಪಿಂಡ, ಇಡೀ ಮೂತ್ರನಾಳ ಮತ್ತು ಅದು ಮೂತ್ರಕೋಶಕ್ಕೆ ಸೇರುವ ಜಾಗದ ಒಂದು ತುಣುಕನ್ನು ತೆಗೆಯುವುದು. ಅಪಾಯ ಕಡಿಮೆಯಿರುವ ಸಣ್ಣ ಗಂಟಾದರೆ ಮೂತ್ರಪಿಂಡ ಉಳಿಸಿ ಲೇಸರಿನಿಂದ ಸುಡಬಹುದು. ಯಾರಿಗೆ ಯಾವುದು ಎಂದು ನಿರ್ಧರಿಸುವುದು ಆ ಅಂದಾಜೇ. ಶಸ್ತ್ರಚಿಕಿತ್ಸೆಯ ನಂತರ ಔಷಧಚಿಕಿತ್ಸೆ ಬೇಕೇ ಎಂಬುದಕ್ಕೂ ಅದೇ ಆಧಾರ. ಬ್ರಿಟನ್ನಿನಲ್ಲಿ 261 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪೌಟ್ ಅಧ್ಯಯನದಲ್ಲಿ, ರೋಗ ಆಳಕ್ಕಿಳಿದಿದ್ದವರಿಗೆ ಶಸ್ತ್ರಚಿಕಿತ್ಸೆಯಾದ 90 ದಿನದೊಳಗೆ ಕಿಮೋಥೆರಪಿ ಆರಂಭಿಸಿದಾಗ, ಮೂರು ವರ್ಷದ ನಂತರ ಶೇಕಡಾ 71 ಮಂದಿ ರೋಗ ಮರಳದೆ ಇದ್ದರು. ಬರಿದೆ ನಿಗಾ ಇಟ್ಟವರಲ್ಲಿ ಅದು 46. ಈ ತೊಂಬತ್ತು ದಿನಗಳನ್ನು ‘ಅಪ್ಪನಿಗೆ ಹೇಗೆ ಹೇಳೋದು’ ಎಂಬ ಪಿಸುಮಾತಿನಲ್ಲೇ ಕಳೆದರೆ ಅವಕಾಶ ಕೈತಪ್ಪುತ್ತದೆ.

ಹೌದು, ನಮ್ಮಲ್ಲಿ ರೋಗಿಯಿಂದ ವಿಷಯ ಮುಚ್ಚಿಡುವುದೇ ಹೆಚ್ಚು. ‘ಎದೆಗುಂದುತ್ತಾರೆ, ಹೇಳಬೇಡಿ’ ಎಂದು ಮಕ್ಕಳು ಕೈಮುಗಿಯುತ್ತಾರೆ. ಅವರ ಪ್ರೀತಿ ಅರ್ಥವಾಗುತ್ತದೆ. ಆದರೆ ಈ ರೋಗದಲ್ಲಿ ಮುಚ್ಚಿಡುವುದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಮೇಲಿನ ಭಾಗದ ಗಂಟು ತೆಗೆದ ಮೇಲೂ ನೂರರಲ್ಲಿ 22ರಿಂದ 47 ಮಂದಿಗೆ ಮೂತ್ರಕೋಶದಲ್ಲಿ ಹೊಸ ಗಂಟು ಬರುತ್ತದೆ. ಬೇಗ ಕಂಡರೆ ದುರ್ಬೀನಿನ ಮೂಲಕವೇ ತೆಗೆಯಬಹುದು. ಅದಕ್ಕಾಗಿ ವರ್ಷಗಟ್ಟಲೆ ತಪಾಸಣೆಗೆ ಬರಬೇಕು. ‘ಕಲ್ಲು ತೆಗೆದರು, ಎಲ್ಲ ಸರಿಹೋಯಿತು’ ಎಂದು ನಂಬಿರುವ ಮನುಷ್ಯ ಆ ಅಹಿತಕರ ಪರೀಕ್ಷೆಗೆ ಮತ್ತೆ ಮತ್ತೆ ಯಾಕೆ ಬರುತ್ತಾನೆ? ಬೀಡಿ ಯಾಕೆ ಬಿಡುತ್ತಾನೆ? ರೋಗದ ಹೆಸರನ್ನು ಅವರಿಗೆ ಹೇಳಲೇಬೇಕು. ವರ್ಷದ ಸಂಖ್ಯೆ ಬೇಕೇ ಬೇಡವೇ ಎಂಬುದನ್ನು ಮಾತ್ರ ಅವರೇ ತೀರ್ಮಾನಿಸಲಿ.

ನಮ್ಮ ಲೆಕ್ಕ ನಮಗೆ ಬೇಕು

ಈ ಅಂಕಪಟ್ಟಿಗಳು ಬಹುಪಾಲು ಅಮೆರಿಕ, ಯೂರೋಪು, ಚೀನಾ, ಜಪಾನುಗಳ ರೋಗಿಗಳಿಂದ ತಯಾರಾದವು. ತಡವಾಗಿ ಬರುವ, ಅರ್ಧಕ್ಕೆ ಚಿಕಿತ್ಸೆ ಬಿಡುವ ನಮ್ಮ ರೋಗಿಗಳಿಗೆ ಅವು ಹಾಗೆಯೇ ಹೊಂದಬೇಕೆಂದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ನೋಂದಣಿ ಶುರುವಾದದ್ದು 1982ರಲ್ಲಿ. ದೇಶದ ಮೊದಲ ನೋಂದಣಿಗಳಲ್ಲಿ ಅದೂ ಒಂದು. ಎಷ್ಟು ಜನರಿಗೆ ರೋಗ ಬಂತು ಎಂಬುದು ಅದರಿಂದ ತಿಳಿಯುತ್ತದೆ. ಎಷ್ಟು ವರ್ಷ ಬದುಕಿದರು ಎಂಬುದು ತಿಳಿಯಬೇಕಾದರೆ ಮನೆಯವರು ಹೇಳಬೇಕು. ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ಕಾಲುಭಾಗಕ್ಕಿಂತ ಕಡಿಮೆ ಪ್ರಕರಣಗಳಲ್ಲಿ ಮಾತ್ರ ಕಾರಣವನ್ನು ವೈದ್ಯರು ಪ್ರಮಾಣೀಕರಿಸಿರುತ್ತಾರೆ. ಚಿಕಿತ್ಸೆ ನಿಲ್ಲಿಸಿ ಊರಿಗೆ ಹೋದವರ ಮುಂದಿನ ಕಥೆ ದಾಖಲೆಗೆ ಬರುವುದೇ ಇಲ್ಲ. ಆಸ್ಪತ್ರೆಯಿಂದ ವಿಚಾರಿಸಿ ಫೋನ್ ಬಂದರೆ ಬೇಸರಪಡದೆ ಉತ್ತರಿಸಿ. ನಿಮ್ಮ ಒಂದು ಉತ್ತರದಿಂದ ಮುಂದೆ ಇನ್ನೊಂದು ಮನೆಗೆ ಸರಿಯಾದ ಸಂಖ್ಯೆ ಸಿಗುತ್ತದೆ.

ಇಂದಿನಿಂದ ನೀವು ಮಾಡಬೇಕಾದದ್ದು ಹೆಚ್ಚಿಲ್ಲ. ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡರೂ, ತಾನಾಗಿ ನಿಂತರೂ, ಆ ವಾರವೇ ವೈದ್ಯರಲ್ಲಿಗೆ ಹೋಗಿ. ನಲವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು ಒಂದು ದಿನವೂ ತಡಮಾಡಬೇಡಿ. ರೋಗವೆಂದು ಗೊತ್ತಾದರೆ ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಗಂಟು ಎಷ್ಟು ಆಳಕ್ಕೆ ಇಳಿದಿದೆ? ಈಗ ಏನು ಮಾಡಿದರೆ ನಮ್ಮ ಸಂಭವ ಹೆಚ್ಚುತ್ತದೆ? ಮುಂದಿನ ತಪಾಸಣೆ ಯಾವಾಗ? ‘ಇನ್ನೆಷ್ಟು ವರ್ಷ’ ಎಂಬುದನ್ನು ಆಮೇಲೆ ಕೇಳಿ.