ರ‍್ಯಾಂಪ್ ಮೇಲೆ ನಮ್ಮ ಚಪ್ಪಲಿ!

ಹರವೆಯ ಓದುಗರೊಬ್ಬರು ಬರೆದಿದ್ದಾರೆ: “ಮಗಳು ದಿನಾ ಮೊಬೈಲ್‌ನಲ್ಲಿ ಫ್ಯಾಷನ್ ಶೋ ನೋಡ್ತಾಳೆ. ಈ ಸೀಸನ್ನಿನ ಫೇವರಿಟ್ ಕಲೆಕ್ಷನ್ ಇದೇ ಅಂತ ತೋರಿಸ್ತಾಳೆ. ಚಾಮರಾಜನಗರದ ಪೇಟೆಗೆ ಹೋದರೆ ಅಂಥದ್ದೇ ಬೇಕು ಅಂತ ಹಟ. ಆ ಮಿಲಾನ್, ಪ್ಯಾರಿಸ್ ಕಟ್ಟಿಕೊಂಡು ನಮಗೇನಾಗಬೇಕು?”

ಆಗಬೇಕಾದ್ದು ಇದೆ, ಕೇಳಿ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಗಂಡಸರ ಉಡುಪಿನ ಶೋ ನಡೆಸಿತು. ರೂಪದರ್ಶಿಗಳ ಕಾಲಲ್ಲಿದ್ದದ್ದು ಥೇಟ್ ಕೊಲ್ಹಾಪುರಿ! ಕಂಪನಿ ಮಾತ್ರ ಬರೀ ‘ಚರ್ಮದ ಚಪ್ಪಲಿ’ ಎಂದಿತು. ಹೆಸರು ಕೊಲ್ಹಾಪುರದ್ದಾದರೂ ಇದು ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕಸುಬೂ ಹೌದು. 2019ರಲ್ಲಿ ಸಿಕ್ಕ ಜಿಐ ಮಾನ್ಯತೆ ಎಂಟು ಜಿಲ್ಲೆಗಳಿಗೆ ಸೇರಿದ್ದು. ಅದರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಮ್ಮವೇ.

ಗದ್ದಲವಾದ ಮೇಲೆ ಕಂಪನಿ ಪ್ರೇರಣೆ ಭಾರತದ್ದೇ ಎಂದು ಒಪ್ಪಿಕೊಂಡಿತು. ಕೋರ್ಟಿನಲ್ಲಿ ಗೆಲ್ಲೋದು ಅಷ್ಟು ಸುಲಭವಿರಲಿಲ್ಲ. ಜಿಐ ಕಾಪಾಡುವುದು ಮುಖ್ಯವಾಗಿ ಹೆಸರನ್ನು. ಹೆಸರೇ ಹಾಕದೆ ಆಕಾರ ನಕಲು ಮಾಡಿದರೆ ಹಿಡಿಯುವುದು ಕಷ್ಟ. ಬಾಂಬೆ ಹೈಕೋರ್ಟ್ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಜುಲೈನಲ್ಲಿ ವಜಾ ಮಾಡಿತು. ಜಿಐ ನೋಂದಣಿ ಇರುವುದು ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳ ಹೆಸರಲ್ಲಿ. ಕೊನೆಗೆ ಡಿಸೆಂಬರ್‌ನಲ್ಲಿ ಪ್ರಾಡಾ ಈ ಎರಡರ ಜೊತೆಗೇ ಒಪ್ಪಂದಕ್ಕೆ ಬಂತು. ಈ ಎರಡು ರಾಜ್ಯಗಳಲ್ಲೇ 2,000 ಜೊತೆ ತಯಾರಿಸಿ, ಜೊತೆಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಹೇಳಿತು. ಅಂದ್ರೆ 80 ಸಾವಿರ ರೂಪಾಯಿಗೂ ಮೇಲೆ!

ಹೆಸರೇನೋ ಸಿಕ್ಕಿತು. ಆ 80 ಸಾವಿರದಲ್ಲಿ ಹೊಲಿದ ಕೈಗೆ ಸೇರೋದೆಷ್ಟು? ಒಪ್ಪಂದದ ಬೆಲೆ ಗೊತ್ತಾಗೋದು ಅಲ್ಲೇ.

ಹಾಗಾಗಿ ಮಗಳನ್ನು ಗದರಬೇಡಿ. ಅವಳು ಮೆಚ್ಚಿದ್ದನ್ನು ಒಟ್ಟಿಗೆ ಕೂತು ನೋಡಿ, “ಇದನ್ನು ಮಾಡಿದವರು ಯಾರು?” ಅಂತ ಕೇಳಿ. ಪೇಟೆಯಲ್ಲೂ ಅದೇ ಕಣ್ಣಿರಲಿ:

* ಸಾಂಪ್ರದಾಯಿಕ ಕೊಲ್ಹಾಪುರಿಯಲ್ಲಿ ಮೊಳೆ ಇರೋದಿಲ್ಲ, ಹೊಲಿಗೆ ಇರುತ್ತದೆ. ಮಳೆಯಲ್ಲಿ ಹಾಕಬೇಡಿ.
* ರೇಷ್ಮೆ ಸೀರೆ ಕೊಳ್ಳುವಾಗ ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗದ್ದೇ ಎನ್ನುವುದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ನೋಡಿ. ಎರಡೂ ಬೇರೆ ಬೇರೆ.
* ನೇಕಾರರು ನಮ್ಮ ಜಿಲ್ಲೆಯ ಕೊಳ್ಳೇಗಾಲದಲ್ಲೇ ಇದ್ದಾರೆ. ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ ಮಗ್ಗ ತೋರಿಸಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಮಾಲ್‌ನಲ್ಲಿ ಚೀಟಿಯಲ್ಲಿದ್ದಷ್ಟು ಕೊಟ್ಟು ಸುಮ್ಮನೆ ಬರುವ ನಾವು, ಮಾಡಿದವರೇ ಎದುರಿಗೆ ಕೂತು ಮಾರುವಾಗ ಐವತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ. ಪ್ರಾಡಾ ಮೇಲೆ ಸಿಟ್ಟಾಗುವ ಮುಂಚೆ ಇದನ್ನೂ ಯೋಚಿಸಬೇಕು ಅಲ್ವಾ?