ಅಂಗನವಾಡಿಗೆ ಯಾವ ಮಾಧ್ಯಮ?

ತಿಗನಾರೆ ಸುತ್ತಿನ ಊರುಗಳಲ್ಲಿ ಮೂರು ವರ್ಷದ ಮಗುವನ್ನು ಎಲ್ಲಿಗೆ ಕಳಿಸುವುದೆಂಬ ಪ್ರಶ್ನೆ ಪ್ರತಿ ಜೂನ್‌ನಲ್ಲೂ ಏಳುತ್ತದೆ. ಊರಿನ ಅಂಗನವಾಡಿಗೋ, ಸರ್ಕಾರಿ ಎಲ್‌ಕೆಜಿಗೋ, ವ್ಯಾನ್ ಹತ್ತಿಸಿ ಖಾಸಗಿ ನರ್ಸರಿಗೋ? ಪೋಷಕರು ಕಟ್ಟಡ, ಊಟ, ಸಮವಸ್ತ್ರ ಹೋಲಿಸುತ್ತಾರೆ. ಅಲ್ಲಿ ಮಗುವಿನ ಕಿವಿಗೆ ಬೀಳುವ ಭಾಷೆ ಯಾವುದೆಂದು ಕೇಳುವವರು ಕಡಿಮೆ.

ಊಟದ ವಿಷಯದಲ್ಲಿ ತಮಿಳುನಾಡಿನ ಅಂಗನವಾಡಿಗಳನ್ನು ದೂರುವಂತಿಲ್ಲ. ಬಿಸಿಯೂಟ, ಮೊಟ್ಟೆ, ತೂಕ ನೋಡುವುದು, ಚುಚ್ಚುಮದ್ದು ಎಲ್ಲವೂ ಒಂದೇ ಸೂರಿನಡಿ ಇವೆ. ಖಾಸಗಿ ನರ್ಸರಿಯಲ್ಲಿ ಇವು ಸಿಗುವುದಿಲ್ಲ.

ಕಲಿಕೆಯ ಮಾತು ಬೇರೆ. ಕನ್ನಡ ಮಾಧ್ಯಮವೆಂಬುದು ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದನೇ ತರಗತಿಯಿಂದ ಶುರು. ಅಂಗನವಾಡಿ ಇರುವುದು ಸಮಾಜ ಕಲ್ಯಾಣ ಇಲಾಖೆಯ ಕೈಯಲ್ಲಿ. ಅಲ್ಲಿನ ಪಠ್ಯಕ್ರಮ ‘ಆಡಿ ಪಾಡಿ ವಿಳೈಯಾಡು ಪಾಪ್ಪಾ’, ಹೆಸರೇ ಹೇಳುವಂತೆ ತಮಿಳಿನದು. ಕಾರ್ಯಕರ್ತೆ ಕನ್ನಡದವರಾದರೆ ಹಾಡು, ಕಥೆ ಕನ್ನಡದಲ್ಲಿ ನಡೆಯುತ್ತವೆ. ಅವರು ಬದಲಾದರೆ ಭಾಷೆಯೂ ಬದಲಾಗಬಹುದು. ಗಡಿಯಾಚೆ ಚಾಮರಾಜನಗರದ ಕಡೆ ಅಂಗನವಾಡಿ ಮಕ್ಕಳಿಗೆ ‘ಚಿಲಿಪಿಲಿ’ ಎಂಬ ಕನ್ನಡ ಚಟುವಟಿಕೆ ಪುಸ್ತಕವಿದೆ. ಮನೆಮಾತು ಎರಡೂ ಕಡೆ ಒಂದೇ, ಪುಸ್ತಕ ಮಾತ್ರ ಒಂದೇ ಅಲ್ಲ.

ಇನ್ನು ಎಲ್‌ಕೆಜಿ. 2019ರ ಜನವರಿಯಲ್ಲಿ ರಾಜ್ಯದ 2,381 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭವಾದವು. ಇವು ಸರ್ಕಾರಿ ಮಿಡ್ಲ್ ಸ್ಕೂಲ್ ಆವರಣದಲ್ಲಿದ್ದ ಕೇಂದ್ರಗಳು. 2022ರಲ್ಲಿ ಮುಚ್ಚುವ ಮಾತು ಬಂತು, ವಿರೋಧ ಎದ್ದ ಮೇಲೆ ಮುಂದುವರಿದವು. ಹತ್ತಿರದಲ್ಲಿ ಇಂಥ ತರಗತಿ ಇದ್ದರೆ, ಅಲ್ಲಿಂದ ಮಗು ಕನ್ನಡ ವಿಭಾಗಕ್ಕೆ ಬರುತ್ತದೋ ಬೇರೆ ಮಾಧ್ಯಮಕ್ಕೆ ಸಾಗುತ್ತದೋ ಎಂದು ಸೇರಿಸುವ ಮೊದಲೇ ವಿಚಾರಿಸಿ.

‘ಹೇಗೂ ತಮಿಳು ಕಲಿಯಬೇಕಲ್ಲ, ಮೂರನೇ ವರ್ಷಕ್ಕೇ ಆಗಲಿ’ ಎನ್ನುವವರಿದ್ದಾರೆ. 2006ರ ತಮಿಳು ಕಲಿಕೆ ಕಾಯ್ದೆಯಿಂದ ಒಂದನೇ ತರಗತಿಯಲ್ಲೇ ತಮಿಳು ಒಂದು ವಿಷಯವಾಗಿ ಬಂದಿದೆ. ಎರಡೂ ಭಾಷೆಗಳ ಶಾಲೆ ಕಂಡವನಾಗಿ ಹೇಳುತ್ತೇನೆ: ಮನೆಮಾತಿನಲ್ಲಿ ಕಂಡದ್ದನ್ನು ಕ್ರಮವಾಗಿ ಹೇಳಬಲ್ಲ ಮಗು ಎರಡನೇ ಭಾಷೆಗೆ ಹೆದರುವುದಿಲ್ಲ. ಎರಡರಲ್ಲೂ ಅರ್ಧಂಬರ್ಧ ಕಲಿತ ಮಗುವೇ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತದೆ.

ಇದು ಒಂದು ಮನೆಯ ಮಾತಷ್ಟೇ ಅಲ್ಲ. ಅಂಗನವಾಡಿಯಲ್ಲೇ ಮಕ್ಕಳು ಬೇರೆ ದಾರಿ ಹಿಡಿದರೆ ಒಂದನೇ ತರಗತಿಯ ಕನ್ನಡ ದಾಖಲಾತಿ ಇಳಿಯುತ್ತದೆ. ದಾಖಲಾತಿ ಇಳಿದ ಕಡೆ ಶಿಕ್ಷಕರ ಹುದ್ದೆ ಉಳಿಯುವುದು ಕಷ್ಟ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಮಕ್ಕಳೇ ಬಾರದಿದ್ದರೆ ಆ ವಿಧಿ ಹಿಡಿದು ಕೇಳುವವರಾರು?

ಸೇರಿಸುವ ಮೊದಲು ಒಂದು ಬೆಳಿಗ್ಗೆ ಕೇಂದ್ರದಲ್ಲಿ ಅರ್ಧ ಗಂಟೆ ಕುಳಿತು ಬನ್ನಿ. ಕಥೆ ಯಾವ ಭಾಷೆಯಲ್ಲಿದೆ, ಮಗು ತಿರುಗಿ ಮಾತಾಡುತ್ತದೆಯೇ, ಕನ್ನಡ ಚಿತ್ರಪುಸ್ತಕ ಒಂದಾದರೂ ಇದೆಯೇ ನೋಡಿ. ಇಲ್ಲವಾದರೆ ಆಗಸ್ಟ್ 15 ಅಥವಾ ಅಕ್ಟೋಬರ್ 2ರ ಗ್ರಾಮಸಭೆಯಲ್ಲಿ ಕನ್ನಡ ಕಲಿಕಾ ಸಾಮಗ್ರಿಗಾಗಿ ನಿರ್ಣಯ ಬರೆಸಿ, ಹತ್ತು ಮನೆಯವರು ಸೇರಿ ಸಹಿ ಹಾಕಿ.